ಹಾಲು ಉಕ್ಕಿದ ಮನೆ

ಅಮೆರಿಕದ ಡ್ಯಾನ್‌ವಿಲ್‌ನ ನಮ್ಮ ಮನೆಯಲ್ಲಿ ಹಾಲು ಒಮ್ಮೆಯೂ ಉಕ್ಕಿಲ್ಲ ಎಂದರೆ ನೀವು ನನ್ನನ್ನು ಜಾಣ ಗೃಹಿಣಿ ಎಂದುಕೊಂಡೀರಿ. ವಿಷಯ ಅಷ್ಟು ಹೊಗಳುವಂಥದ್ದಲ್ಲ. ಗ್ರೋಸರಿಯಿಂದ ತಂದ ಹಾಲನ್ನು ಇಲ್ಲಿ ಯಾರೂ ಕಾಯಿಸುವುದಿಲ್ಲ. ಗೃಹಪ್ರವೇಶದ ದಿನವಂತೂ, ಹೊಸ ಎಲೆಕ್ಟ್ರಿಕ್ ಒಲೆ ಕಲೆಯಾದೀತೆಂದು, ಹೊಗೆಯ ಅಲಾರಾಂ ಕೂಗಿ ನೆರೆಯವರು ಓಡಿಬಂದಾರೆಂದು, ಹಾಲು ಪಾತ್ರೆಯ ಕಂಠಕ್ಕೆ ಏರುತ್ತಿದ್ದಂತೆಯೇ ನಾನು ಒಲೆ ಆರಿಸಿಬಿಟ್ಟೆ. ದೇವರು ಅರ್ಥಮಾಡಿಕೊಳ್ಳುತ್ತಾನೆ ಬಿಡು ಎಂದು ನನ್ನ ಗಂಡ ನಕ್ಕರು. ದೇವರನ್ನು ನಂಬದವರಿಗೆ ಅವನ ಪರವಾಗಿ ಮಾತಾಡುವ ಧೈರ್ಯ ಹೆಚ್ಚು.

ಅವರು ಮೂಳೆ ಡಾಕ್ಟರು. ಎಂಬತ್ತರ ದಶಕದ ನಡುವೆ, ಯುದ್ಧದಲ್ಲಿ ಬೇಯುತ್ತಿದ್ದ ಬೈರೂತಿನ ಆಸ್ಪತ್ರೆಯೊಂದಕ್ಕೆ ಒಂದು ವರ್ಷದ ಮಟ್ಟಿಗೆ ಹೊರಟರು. ನಾನು ಅತ್ತೆ, ಜಗಳವಾಡಿದೆ, ಮೌನವ್ರತ ಹಿಡಿದೆ. ಎಲ್ಲವೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ ಬೇಡಿಕೊಂಡದ್ದು ಒಂದೇ: ಅಲ್ಲಿ ಕೊಡುವ ಅಪಾರ್ಟ್‌ಮೆಂಟಿನಲ್ಲಿ ಮೊದಲ ದಿನ ಮಲಗುವ ಮುನ್ನ ಹಾಲು ಉಕ್ಕಿಸಬೇಕು. ಮೈಸೂರಿನಲ್ಲಿ ಬಾಡಿಗೆ ಮನೆ ಬದಲಿಸಿದಾಗಲೆಲ್ಲ ಅಮ್ಮ ಹಾಗೆ ಮಾಡುತ್ತಿದ್ದಳು. ಹಾಲು ಉಕ್ಕಿದ ಮನೆಯನ್ನು ಕೇಡು ಮುಟ್ಟದೆಂದು, ಬಾಂಬು ಹಾಕುವವರಿಗೂ ಆ ಶಾಸ್ತ್ರ ಗೊತ್ತಿರುವಂತೆ, ನಾನು ನಂಬಿಕೊಂಡೆ.

ಅವರು ಮಾತು ಉಳಿಸಿಕೊಂಡರು. ಗುಂಡು ತೂರಿಬರುವ ಕಿಟಕಿಗಳಿಂದ ದೂರವೆಂದು ಆ ಕಟ್ಟಡದವರೆಲ್ಲ ಸಂಜೆ ಬಂದು ಕೂರುವ ಮೆಟ್ಟಿಲ ತಿರುವಿನಲ್ಲಿ, ಸೀಮೆಎಣ್ಣೆ ಸ್ಟವ್ ಮೇಲೆ, ಪುಡಿಹಾಲು ಉಕ್ಕಿಸಿದರಂತೆ. ಕೆಳಗಿನ ಮನೆಯ ಮುದುಕಿ ಇದೇನೆಂದು ಕೇಳಿ ಸಕ್ಕರೆ ತಂದಳಂತೆ. ಮಕ್ಕಳು ಪುಟ್ಟ ಕಾಫಿ ಬಟ್ಟಲುಗಳಲ್ಲಿ ಕುಡಿದರಂತೆ. ಫೋನಿನಲ್ಲಿ ಇದನ್ನು ಕೇಳಿದ ದಿನ ನನಗೆ ಹೊಟ್ಟೆ ತುಂಬ ಉಣ್ಣಲು ಸಾಧ್ಯವಾಯಿತು.

ದೇಶ ಬಿಟ್ಟು ಬಂದ ನಾವು ಶಾಸ್ತ್ರಗಳನ್ನು ಉಪ್ಪಿನಕಾಯಿಯಂತೆ ಪೊಟ್ಟಣ ಕಟ್ಟಿ ತರುತ್ತೇವೆ, ಯಾವುದು ಯಾತಕ್ಕೆಂದು ಕೇಳುವುದಿಲ್ಲ. ಹಾಲು ಉಕ್ಕಿಸುವುದು ಕೇಡು ತಡೆಯಲಿಕ್ಕಲ್ಲ. ಆ ಸೂರಿನಡಿ ಸಂಸಾರ ತುಂಬಿ ತುಳುಕಲಿ, ಬಂದವರು ಅಲ್ಲೇ ಬೇರೂರಲಿ ಎಂದು. ಶಾಸ್ತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ಫೋನಿನಲ್ಲಿ ನನ್ನ ಗಂಡನ ಮಾತಿನ ತುಂಬ ಈಗ ಮುದುಕಿಯ ಮಂಡಿನೋವು, ಮಕ್ಕಳ ಮುರಿದ ತೋಳು, ಮೆಟ್ಟಿಲ ಮೇಲೆ ಡಬ್ಬಿಯಲ್ಲಿ ನೆಟ್ಟ ತುಳಸಿಯಂಥ ಗಿಡ. ನಾನು ಮಗಳ ಪಿಯಾನೋ ಪಾಠದ ಸುದ್ದಿ ಹೇಳಿದರೆ ‘ಹೌದಾ’ ಎಂದು ಮತ್ತೆ ಮುದುಕಿಯ ಮಂಡಿಗೇ ಮರಳುತ್ತಿದ್ದರು.

ವರ್ಷ ಮುಗಿಯುತ್ತ ಬಂದಾಗ, ವಿಮಾನ ಯಾವತ್ತು ಎಂದು ಕೇಳಿದೆ.

“ಇವರನ್ನೆಲ್ಲ ಹೀಗೆ ಬಿಟ್ಟು ಹೇಗೆ ಬರ್ಲಿ? ಇನ್ನೂ ಸ್ವಲ್ಪ ಕಾಲ ಇಲ್ಲೇ ಇರ್ತೀನಿ. ನೀನೇ ಅಲ್ವಾ, ಹಾಲು ಉಕ್ಸಿ ಅಂದಿದ್ದು?”

ದನಿಯಲ್ಲಿ ಕುಹಕವಿರಲಿಲ್ಲ, ಪ್ರೀತಿಯೇ ಇತ್ತು. ಅದರಿಂದಲೇ ನನಗೆ ಜಗಳವಾಡುವ ದಾರಿಯೂ ಉಳಿಯಲಿಲ್ಲ. ರಿಸೀವರ್ ಇಟ್ಟೆ. ಪಕ್ಕದಲ್ಲೇ ಕಾದು ನಿಂತಿದ್ದ ಮಗಳು, ಅಪ್ಪ ಯಾವಾಗ ಮನೆಗೆ ಬರುತ್ತಾರೆಂದು ಇಂಗ್ಲಿಷಿನಲ್ಲಿ ಕೇಳಿದಳು.

“ಅಪ್ಪ ಮನೇಲೇ ಇದಾರೆ, ಪುಟ್ಟಿ” ಎಂದೆ.