ಸುಮಿತ್ರವ್ವನ ಗಿರಣಿ ಗೋಡೆ

ಮೂವತ್ತು ವರ್ಷ ಬಸ್ ಕಂಡಕ್ಟರಾಗಿ ದುಡಿದು ನಿವೃತ್ತನಾದವನು ನಾನು. ಸದ್ದೆಂದರೆ ಮೈ ಉರಿಯುತ್ತದೆ. ಮುಂಡರಗಿಯಲ್ಲಿ ಮನೆ ಕಟ್ಟಿಸಿದ್ದೇ ನೆಮ್ಮದಿಯಾಗಿ ಕೂರಲಿಕ್ಕೆ. ಅಂಥದ್ದರಲ್ಲಿ ಪಕ್ಕದ ಖಾಲಿ ಜಾಗ ಕೊಂಡ ಸುಮಿತ್ರವ್ವ ಮುಂದೆ ಹಿಟ್ಟಿನ ಗಿರಣಿ, ಹಿಂದೆ ಮನೆ ಕಟ್ಟಿಸುತ್ತೇನೆಂದಳು. ಲೈಸೆನ್ಸಿಗೆ ನೆರೆಯವರ ಒಪ್ಪಿಗೆ ಬೇಕು. ಆ ನೆರೆಯವನು ನಾನೇ.

"ನನ್ನ ಮನಿಗೆ ಸದ್ದು ಬಂದ್ರ ಸಹಿ ಇಲ್ಲ ನೋಡ್ರಿ," ಎಂದೆ, ಖಡಾಖಂಡಿತವಾಗಿ.

"ಬರದಂಗ ಮಾಡ್ತೀನ್ರಿ ಅಣ್ಣಾರ," ಎಂದಳು. ಅದನ್ನೂ ಓಣಿಗೆಲ್ಲ ಕೇಳುವಂತೆ ಹೇಳಿದಳು. ಅವಳ ದನಿಯೇ ಹಾಗೆ.

ಶಿರಹಟ್ಟಿಯ ಬಾಡಿಗೆ ಗಿರಣಿಯಲ್ಲಿ ಗಂಡ ಹುಚ್ಚೀರಪ್ಪನ ಜೊತೆ ಇಪ್ಪತ್ತೈದು ವರ್ಷ ಊರವರ ಜೋಳ ಬೀಸಿದವಳು. ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ರೊಟ್ಟಿ ಹೇಗೆ ಬಂದೀತೆಂದು ಹೇಳಬಲ್ಲಳು. ತನ್ನದೇ ಒಂದು ಗಿರಣಿ ಎಂಬುದು ಅವಳ ಬಹಳ ದಿನದ ಆಸೆ.

ಗೌಂಡಿ ಬುಡ್ಡೇಸಾಬ ನನ್ನ ಕಡೆಗೆ ಎರಡು ಗೋಡೆ ಎಬ್ಬಿಸಿ, ನಡುವೆ ಗೇಣು ಸಂದು ಬಿಟ್ಟು ಮರಳು ತುಂಬಿದ. ಕಿಟಕಿಯನ್ನು ರಸ್ತೆಗೆ ಇಟ್ಟ. ಇಷ್ಟೆಲ್ಲ ಆಗಿ ಮಷೀನು ಚಾಲು ಮಾಡಿದರೆ ನನ್ನ ಕಪಾಟಿನ ಬಟ್ಟಲುಗಳು ಕುಣಿದವು! ನಾನು ಕೂಗಾಡಿದೆ. ಸುಮಿತ್ರವ್ವನ ಜೊತೆ ಬುಡ್ಡೇಸಾಬ ಬಂದು ನನ್ನ ನೆಲಕ್ಕೆ ಅಂಗೈ ಊರಿ ನೋಡಿ ಪೆಚ್ಚಾದ.

"ಗ್ವಾಡಿಯಿಂದ ಬರವಲ್ದು ಅಕ್ಕಾರ, ನೆಲದಾಗ ಹಾದು ಬರಾಕತ್ತೈತಿ. ಮಷೀನಿನ ಕಟ್ಟಿ ಪಾಯಕ್ಕ ಕೂಡಿಸಿದ್ದು ನನ್ನ ತಪ್ಪು."

"ಹಂಗಾರ ಒಡೀರಿ," ಎಂದು ಸುಮಿತ್ರವ್ವ ಗಿರಣಿಗೆ ಹೋಗಿ ತಾನೇ ಸುತ್ತಿಗೆ ಎತ್ತಿ ಮೊದಲ ಪೆಟ್ಟು ಹಾಕಿದಳು. ಹೊಚ್ಚಹೊಸ ಕಟ್ಟೆ. ನನಗೆ ನಾಚಿಕೆಯಾಯಿತು, ಆದರೆ ಸಹಿ ಹಾಕುವಷ್ಟಲ್ಲ. ಪಾಯದಿಂದ ಬೇರೆಯಾಗಿ ಮತ್ತೊಂದು ಕಟ್ಟೆ ಕಟ್ಟಿ, ದಪ್ಪ ರಬ್ಬರು ಹಾಸಿ, ಅದರ ಮೇಲೆ ಮಷೀನು ಕೂಡಿಸಿದರು.

ಮತ್ತೆ ಚಾಲು ಮಾಡಿದ ದಿನ ನಾನು ನಡುಮನೆಯ ಗೋಡೆಗೆ ಕಿವಿ ಹಚ್ಚಿ ನಿಂತೆ. ಗಿರಣಿ ತಿರುಗುತ್ತಿದೆಯೋ ಇಲ್ಲವೋ ತಿಳಿಯಲೇ ಇಲ್ಲ. ಆದರೆ ಅವರ ಹಿತ್ತಲಿನಿಂದ ಸುಮಿತ್ರವ್ವನ ಮಾತು ನೆಟ್ಟಗೆ ಬಂತು: "ಏನ್ರೀ, ಅಣ್ಣಾರು ಗ್ವಾಡಿಗೆ ಕಿವಿ ಹಚ್ಚಿರಬೇಕು ನೋಡ್ರೀ!"

ಸಿಟ್ಟಿನಿಂದ ಹೋದೆ. "ಗಿರಣಿ ಸುಮ್ಮನಾತು. ನೀವು ಯಾವಾಗ ಸುಮ್ಮನಾಗ್ತೀರಿ?"

ಅವಳು ನಕ್ಕಳು. ಆಮೇಲೆ ಗಂಡನ ಕಡೆ ನೋಡಿದಳು.

"ಇವರ ಕಿವಿ ಗಿರಣಿ ತಿಂದೈತ್ರಿ. ಮಂದಿ ಮಾತು ಯಾರದೂ ಕೇಳಸೂದಿಲ್ಲ, ನನ್ನ ದನಿ ಒಂದ ಮುಟ್ಟತೈತಿ. ನಾ ಸಣ್ಣಗ ಮಾತಾಡಿದ್ರ ಇವರು ಒಬ್ಬಂಟಿ ಆಗಿಬಿಡ್ತಾರ್ರಿ."

ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಹುಚ್ಚೀರಪ್ಪ ನಮ್ಮಿಬ್ಬರ ಮುಖ ನೋಡಿ, ಏನೋ ಒಳ್ಳೆಯ ಮಾತೇ ನಡೆದಿದೆ ಎಂದುಕೊಂಡು, "ಕುಂಡ್ರಿ, ಚಹಾ ಕುಡೀರಿ," ಎಂದ.

ಒಪ್ಪಿಗೆ ಪತ್ರ ತರಿಸಿ, ಅಲ್ಲೇ ಜೋಳದ ಚೀಲದ ಮೇಲಿಟ್ಟು ಸಹಿ ಹಾಕಿದೆ. 'ಸದ್ದಿನ ತೊಂದರೆ' ಎಂಬುದರ ಮುಂದೆ 'ಇಲ್ಲ' ಎಂದು ಬರೆದೆ.