ಆಡಿಟ್ ದಿನದ ಲೆಕ್ಕಾಧಿಕಾರಿ

ಪರಿಶೋಧಕರು ಬರುವ ದಿನ ಸಮಾನತಾ ಆಯೋಗದ ಲೆಕ್ಕಾಧಿಕಾರಿ ಬೆಳಿಗ್ಗೆಯೇ ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲ ಬಳಿ ನಿಂತಿರುತ್ತಾರೆ. ಒಂದು ಕಾಸೂ ತಿಂದವರಲ್ಲ. ಆದರೂ ಪರಿಶೋಧಕರು ಕೆಮ್ಮಿದರೆ ಸಾಕು, “ಅದಕ್ಕೂ ರಸೀದಿ ಇದೆ ಸಾರ್” ಎನ್ನುವ ಜೀವ. ಅಂದು ಹೆಂಡತಿಯ ಫೋನ್ ಬಂದರೂ ಎದ್ದು ನಿಲ್ಲುತ್ತಾರೆ. ವರದಿ ಕೆಟ್ಟರೆ ಅನುದಾನ ನಿಂತು ಆಯೋಗವೇ ಮುಚ್ಚೀತೆಂಬ ದಿಗಿಲು. ಈ ಸಲ ಪರಿಶೋಧಕರಿಗೆ ಕೋಣೆ ತೆರವು ಮಾಡಿಸುವ ಗಡಿಬಿಡಿಯಲ್ಲಿ ಹಳೆಯ ಬೀರುಗಳನ್ನೆಲ್ಲ ಗಾಲಿಕುರ್ಚಿಯವರ ಇಳಿಜಾರು ದಾರಿಯ ಮೇಲೆ ಇಡಿಸಿದ್ದರು. ಆ ದಾರಿಗೆ ಹಣ ಮಂಜೂರು ಮಾಡಿಸಲು ವರ್ಷಗಟ್ಟಲೆ ಅಲೆದವರೂ ಅವರೇ. “ಸಾರ್, ದೂರು ಕೊಟ್ಟು ವಿಚಾರಣೆಗೆ ಬಂದಿರೋ ಮೇಡಂ ಗಾಲಿಕುರ್ಚಿಯಲ್ಲಿ ಕೆಳಗೇ ಇದ್ದಾರೆ. ಬೀರು ಹಾರಿಕೊಂಡು ಬರಬೇಕಾ ಅಂತಿದ್ದಾರೆ,” ಎಂದ ಜವಾನ. “ಅಯ್ಯೋ, ನನ್ನ ಬುದ್ಧಿಗೆ ಮಂಕು ಬಡಿದಿತ್ತು. ಹಿಡಿಯಯ್ಯಾ ಆ ಕಡೆ!” ಎಂದು ಲೆಕ್ಕಾಧಿಕಾರಿ ಅಂಗಿಯ ತೋಳು ಮಡಚಿದರು. ಪರಿಶೋಧಕರ ಕಾರು ಗೇಟಿನೊಳಗೆ ಬಂದಾಗ ಇನ್ನೂ ಮೂರು ಬೀರು ಉಳಿದಿದ್ದವು; ಲೆಕ್ಕಾಧಿಕಾರಿ ಅತ್ತ ತಿರುಗದೆ ಮುಂದಿನದಕ್ಕೆ ಕೈ ಹಾಕಿದರು.