ಮೇಷ್ಟ್ರು ಬಿಟ್ಟ ಕಾಫಿ

ನಿನ್ನೆ ಮೊಮ್ಮಗಳು ಹಿತ್ತಿಲಿನ ಸೀಬೆ ಗಿಡದಿಂದ ಎಲೆಯೊಂದನ್ನು ಕಿತ್ತು, ಹಿಸುಕಿ ನನ್ನ ಕೈಗಿಟ್ಟಳು. ಹಲ್ಲುನೋವಿಗೆ ಒಳ್ಳೆಯದೆಂದು ಶಾಲೆಯಲ್ಲಿ ಹೇಳಿದರಂತೆ. ಆ ಒಗರು ವಾಸನೆ ಮೂಗಿಗೆ ಬಂದದ್ದೇ ತಡ, ಕೆಂಗೇರಿ ಮಿಡ್ಲ್ ಸ್ಕೂಲಿನ ನಮ್ಮ ಲೆಕ್ಕದ ಮೇಷ್ಟ್ರು ನೆನಪಾದರು...

ಐವತ್ತರ ದಶಕದಲ್ಲಿ ಕೆಂಗೇರಿ ಬೇರೆ, ಬೆಂಗಳೂರು ಬೇರೆ. ನಡುವೆ ಹೊಲಗಳು, ಈಚಲು ತೋಪುಗಳು. ಶಾಲೆ ಬಿಟ್ಟ ಮೇಲೆ ಹುಡುಗರಿಗೆ ಹೊತ್ತು ಹೋಗುತ್ತಿರಲಿಲ್ಲ. ದೊಡ್ಡ ತರಗತಿಯ ಕೆಲವರು ತೋಪಿನಲ್ಲಿ ಹೆಂಡ ಕುಡಿದು, ವಾಸನೆ ಮುಚ್ಚಲು ಸೀಬೆ ಎಲೆ ಅಗಿಯುತ್ತಿದ್ದರು. ಕೈಗೆ ಸುಲಭವಾಗಿ ಸಿಗುವ ಸೀಬೆ ಮರವಿದ್ದದ್ದು ಮೇಷ್ಟ್ರ ಬಾಡಿಗೆ ಮನೆಯ ಮುಂದೆ. ಅದರ ಕೆಳಗಿನ ಕೊಂಬೆಗಳು ಬೋಳಾದಾಗಲೇ ಅವರಿಗೆ ಎಲ್ಲ ತಿಳಿದಿತ್ತು. ಬೆತ್ತ ಹಿಡಿಯಲಿಲ್ಲ. ಕೆರೆಯಂಗಳದಲ್ಲಿ ವಾಲಿಬಾಲ್ ನೆಟ್ ಕಟ್ಟಿಸಿದರು.

"ಎಲೆ ತಿನ್ನೋ ಮೇಕೆಗಳೆಲ್ಲ ಸಂಜೆ ಇಲ್ಲಿಗೆ ಬನ್ರೋ," ಎಂದರು.

ಬಂದರು. ಮರ ನಿಧಾನವಾಗಿ ಚಿಗುರಿತು.

ಬಾರದೆ ಉಳಿದವನು ಒಬ್ಬನೇ, ನನ್ನ ಪಕ್ಕ ಕೂರುತ್ತಿದ್ದ ಗೆಳೆಯ. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕು. ತಂದೆಯಿಲ್ಲದ ಅವನನ್ನು ಸೋದರಮಾವ ಸಾಕಿದ್ದ. ಮಾವನದು ತೋಪಿನಿಂದ ಹೆಂಡ ಸಾಗಿಸುವ ಗಾಡಿ. ನಸುಕಿನಲ್ಲಿ ಗಡಿಗೆ ಹೇರುವುದು, ಸಂಜೆ ಎತ್ತು ಮೇಯಿಸುವುದು ಗೆಳೆಯನ ಪಾಲು. ಅವನಿಗೆ ಬಿಡುವೆಂಬುದೇ ಇರಲಿಲ್ಲ. ಗಡಿಗೆ ಹೇರಿದವರಿಗೆಲ್ಲ ಒಂದೊಂದು ಚೊಂಬು ಹೆಂಡ ಕೊಡುವುದು ತೋಪಿನ ಪದ್ಧತಿ. ಹದಿನಾಲ್ಕರ ಹುಡುಗನಿಗೂ ಕೊಡುತ್ತಿದ್ದರು. ತರಗತಿಯಲ್ಲಿ ಅವನ ತಲೆ ತೂಗುತ್ತಿತ್ತು. ಮಿಡ್ಲ್ ಸ್ಕೂಲಿನ ಕೊನೆಯ ಎಲ್.ಎಸ್. ಪರೀಕ್ಷೆ ಹತ್ತಿರ ಬಂದಿತ್ತು. ಪಾಸಾದರೆ ಬೆಂಗಳೂರಿನ ಹೈಸ್ಕೂಲು, ಇಲ್ಲವಾದರೆ ಗಾಡಿ.

ಮೇಷ್ಟ್ರು ನನ್ನನ್ನು ಕರೆದುಕೊಂಡು ಆ ಮಾವನ ಮನೆಗೆ ಹೋದರು.

"ಪರೀಕ್ಷೆ ಮುಗಿಯೋವರೆಗೂ ಅವನಿಗೆ ಕುಡಿಸಬೇಡಯ್ಯ," ಎಂದರು.

ಮಾವ ನಕ್ಕ. "ಬೆಳಗ್ಗೆದ್ದು ನೀವು ಕಾಫಿ ಕುಡಿಯಲ್ವಾ ಸ್ವಾಮಿ? ನಮಗೆ ಇದು ಹಂಗೇಯ. ನೀವು ಬಿಡಿ ನೋಡುವ, ಅವನೂ ಬಿಡ್ತಾನೆ."

"ಆಯ್ತು. ನಾಳೆಯಿಂದ ಬಿಟ್ಟೆ."

"ಅಯ್ಯೋ, ತಮಾಷೆಗಂದೆ ಸ್ವಾಮಿ..."

"ನಾನು ತಮಾಷೆಗನ್ನಲಿಲ್ಲ ಕಣಯ್ಯ."

ಕಾಫಿಯಿಲ್ಲದೆ ಹೊತ್ತು ಹುಟ್ಟದ ಮನುಷ್ಯ, ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಪಾಠ ಮಾಡಿದರು. ಮಾವನೂ ಮಾತು ಉಳಿಸಿಕೊಂಡ. ಗೆಳೆಯನ ತಲೆ ತೂಗುವುದು ನಿಂತಿತು.

"ನಿನ್ನ ದೆಸೆಯಿಂದ ಮೇಷ್ಟ್ರು ತಲೆನೋವು ತಿಂತಾವ್ರೆ ಕಣೋ," ಎಂದು ನಾವು ಛೇಡಿಸುತ್ತಿದ್ದೆವು.

"ಗೊತ್ತು ಕಣ್ರೋ. ಸುಮ್ನೆ ಲೆಕ್ಕ ಮಾಡಾಕೆ ಬಿಡಿ," ಎನ್ನುತ್ತಿದ್ದ.

ಪರೀಕ್ಷೆ ಬರೆಯಲು ಬೆಂಗಳೂರಿಗೆ ಹೋಗಬೇಕಿತ್ತು. ಆ ಬೆಳಗ್ಗೆ ಮೇಷ್ಟ್ರೂ ನಾವೂ ರೈಲಿಗೆ ಕಾಯುತ್ತಿದ್ದ ಕೆಂಗೇರಿ ಸ್ಟೇಷನ್ನಿನಲ್ಲಿ ಗೆಳೆಯ ಹತ್ತಿರ ಬಂದಾಗ ಸೀಬೆ ಎಲೆಯ ವಾಸನೆ ಬಂತು. ತಲೆ ತಗ್ಗಿಸಿಕೊಂಡಿದ್ದ. ಹಿಂದೆಯೇ ಬಂದ ಮಾವನ ಮುಖದಲ್ಲಿ ಮಾತ್ರ ಸಂತೋಷವಿತ್ತು.

"ಮಾರಮ್ಮನ ಮುಂದೆ ಇಟ್ಟು ಕೊಟ್ಟೆ ಸ್ವಾಮಿ, ಒಂದು ಚೊಂಬು. ಒಳ್ಳೆ ಕೆಲಸಕ್ಕೆ ಹೊಂಟವ್ನೆ ಅಂತ. ಅದು ಪ್ರಸಾದ, ಕುಡಿತ ಅಲ್ಲ."

ಮೇಷ್ಟ್ರು ಗೆಳೆಯನ ಭುಜ ಹಿಡಿದು, "ನೀರು ಕುಡಿ. ನಿಧಾನವಾಗಿ ಬರಿ," ಎಂದರು.

ರೈಲಿನುದ್ದಕ್ಕೂ ಅವನು ನನ್ನ ಹೆಗಲಿಗೊರಗಿ ನಿದ್ದೆ ಮಾಡಿದ. ಬಹಳ ದಿನ ಬಿಟ್ಟಿದ್ದ ಮೈಗೆ ಅಂದಿನದು ಹೆಚ್ಚಾಗಿತ್ತು. ಮೊದಲ ದಿನ ಲೆಕ್ಕದ ಪರೀಕ್ಷೆ. ಅದೊಂದರಲ್ಲೇ ಅವನು ಫೇಲಾದದ್ದು.

"ಇನ್ನಾದ್ರೂ ಕಾಫಿ ಕುಡೀರಿ ಸಾರ್," ಎಂದೆವು.

"ಅವನ ಪರೀಕ್ಷೆ ಮುಗಿದಿಲ್ವಲ್ಲ. ಮುಂದಿನ ವರ್ಷ ಕಟ್ತಾನೆ. ಅಲ್ಲೀವರೆಗೂ ಇರಲಿ."

ಕಟ್ಟಲಿಲ್ಲ. ಗಾಡಿ ಹತ್ತಿದ. ಮೇಷ್ಟ್ರಿಗೆ ವರ್ಗವಾಯಿತು.

ಎಷ್ಟೋ ವರ್ಷಗಳ ನಂತರ, ನಾನು ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೆ, ರಾಜಾಜಿನಗರದ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ನನಗೆ ಕಾಫಿ, ಅವರಿಗೆ ಹಾಲು ತಂದಿಟ್ಟರು.

"ಕಟ್ಟಿದ್ನೇನೋ?" ಎಂದರು ಮೇಷ್ಟ್ರು. ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ಗೆಳೆಯ ಕುಡಿದು ಕುಡಿದು ಹೊಟ್ಟೆ ಊದಿಕೊಂಡು ತೀರಿಕೊಂಡ ಸುದ್ದಿ ಊರಿನಿಂದ ಆಗಲೇ ಬಂದಿತ್ತು.

"ಇಲ್ಲ ಸಾರ್," ಎಂದಷ್ಟೇ ಹೇಳಿದೆ.

ತಲೆಯಾಡಿಸಿ ಹಾಲಿನ ಲೋಟ ಎತ್ತಿಕೊಂಡರು...

ಮೇಷ್ಟ್ರೂ ಈಗಿಲ್ಲ. ನಿನ್ನೆ ಸೊಸೆ ಕೊಟ್ಟ ಕಾಫಿಯ ಲೋಟ ಬಾಯಿಯ ಹತ್ತಿರ ಬಂದಾಗ ನನ್ನ ಬೆರಳುಗಳಲ್ಲಿ ಸೀಬೆ ಎಲೆಯ ವಾಸನೆ ಇನ್ನೂ ಇತ್ತು. ಲೋಟ ಕೆಳಗಿಟ್ಟೆ.

"ಯಾಕೆ ತಾತ, ಹಲ್ಲುನೋವಾ?" ಎಂದಳು ಮೊಮ್ಮಗಳು.

ಹೌದು ಎಂದೆ.